ಡ್ರಿಜಲ್ ಯಾವುದು, ಶವರ್ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆ, ಗಾಳಿ, ಮಂಜಿನ ಇಂಗ್ಲಿಷ್ ಪದಗಳ ಬಗ್ಗೆಯೇ ಇವೆ. ಮೊಬೈಲಿನಲ್ಲಿ ಹವಾಮಾನ ನೋಡದೆ ಬಟ್ಟೆ ಒಣಹಾಕದ ಮನೆಗಳು ಈಗ ಬಹಳ, ಅಲ್ಲಿ ಕಾಣುವ ಪದಗಳೋ ಬಹುಪಾಲು ಇಂಗ್ಲಿಷಿನವು. ಹೊನ್ನಾವರ, ಗದಗದಂಥ ಊರುಗಳ ಹವಾಮಾನ ವೀಕ್ಷಣಾಲಯಗಳಲ್ಲಿ ದುಡಿದು ನಿವೃತ್ತಳಾದವಳು ನಾನು. ಹೊರಗೆ ಬಂದು ಆಕಾಶ ನೋಡಿ, ಈಗ ಆಗುತ್ತಿರುವುದಕ್ಕೆ ಯಾವ ಪದ ಸರಿ ಎಂದು ತೀರ್ಮಾನಿಸಿ, ಆ ಪದಕ್ಕಿರುವ ಎರಡಂಕಿಯ ಸಂಕೇತ ಬರೆದು ಕಳಿಸುವುದು ನಮ್ಮ ದಿನದ ಕೆಲಸ. ಸೊನ್ನೆಯಿಂದ 99ರವರೆಗೆ ನೂರು ಸಂಕೇತಗಳಿವೆ, ಜಗತ್ತಿನ ವೀಕ್ಷಣಾಲಯಗಳಿಗೆಲ್ಲ ಅದೇ ಪಟ್ಟಿ. ನನ್ನ ಉತ್ತರಗಳಲ್ಲಿ ಆ ಪಟ್ಟಿ ನಡುನಡುವೆ ಇಣುಕಿದರೆ ಕಾರಣ ಇಷ್ಟೇ.

ಡ್ರಿಜಲ್, ರೇನ್, ಶವರ್ ಮೂರೂ ಮಳೆಯೇ ತಾನೇ ಮೇಡಂ? ಡ್ರಿಜಲ್ ಅಂದರೆ ಸಣ್ಣ ಮಳೆ, ಶವರ್ ಅಂದರೆ ಸ್ವಲ್ಪ ಹೊತ್ತಿನ ಮಳೆ ಎಂದು ಓದಿದ್ದೇನೆ. ಹಾಗಾದರೆ ಸಣ್ಣ ಮಳೆ ಸ್ವಲ್ಪ ಹೊತ್ತು ಬಂದರೆ ಏನನ್ನಬೇಕು?
(ಪಿಯುಸಿ ವಿದ್ಯಾರ್ಥಿನಿ, ಮೂಡಿಗೆರೆ)

ಚೆನ್ನಾಗಿ ಕೇಳಿದ್ದೀಯಮ್ಮ. ಈ ಮೂರನ್ನೂ ಚಿಕ್ಕದು, ನಡುವಿನದು, ದೊಡ್ಡದು ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದರಿಂದಲೇ ಗೊಂದಲ. ಡ್ರಿಜಲ್ ಎನ್ನುವಾಗ ನೋಡಬೇಕಾದ್ದು ಹನಿಯ ಗಾತ್ರ. ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ, ಗಾಳಿ ಒಯ್ದತ್ತ ತೇಲುತ್ತ ಇಳಿದರೆ ಡ್ರಿಜಲ್. ಹನಿ ಅದಕ್ಕಿಂತ ದಪ್ಪವಾದರೆ ರೇನ್. ಅಂಗಳದಲ್ಲಿ ನಿಂತ ನೀರನ್ನು ನೋಡು: ರೇನ್ ಬಿದ್ದರೆ ಉಂಗುರ ಏಳುತ್ತದೆ, ಡ್ರಿಜಲ್ ಬಿದ್ದದ್ದು ನೀರಿನ ಮೇಲೆ ಗೊತ್ತೇ ಆಗುವುದಿಲ್ಲ. ನಿಮ್ಮ ಕಡೆ ಆಗಸ್ಟಿನಲ್ಲಿ ಕೊಡೆ ಹಿಡಿದರೂ ಮುಖ ತೋಯಿಸುವ ಸೋನೆ ಇದೆಯಲ್ಲ, ಅದು ಡ್ರಿಜಲ್. ಎರಡು ದಿನ ಬಿಡದೆ ಹಿಡಿದರೂ ಅದರ ಹೆಸರು ಬದಲಾಗದು.

ಶವರ್ ಎನ್ನುವಾಗ ನೋಡುವುದು ಮಳೆ ಬಂದ ರೀತಿಯನ್ನು. ಎತ್ತರಕ್ಕೆ ಬೆಳೆಯುವ ರಾಶಿಮೋಡದಿಂದ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ ಮಳೆ ಅದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀಲಿ ಆಕಾಶ, ಬಿಸಿಲು ಕಾಣಿಸುವುದುಂಟು. ಹನಿ ದಪ್ಪವೇ ಇರುತ್ತದೆ, ಸುರಿತ ಜೋರಾಗಿರಬಹುದು, ಹಗುರವಾಗಿಯೂ ಇರಬಹುದು. ಡ್ರಿಜಲ್ ಬರುವುದು ಆಕಾಶಕ್ಕೆ ಹೊದಿಸಿದಂತೆ ತಗ್ಗಿನಲ್ಲಿ ಹರಡಿದ ಮೋಡದಿಂದ. ಹೀಗಾಗಿ ಸಣ್ಣ ಹನಿ ಐದು ನಿಮಿಷ ಬಂದು ನಿಂತರೆ ಅದು ನಿಂತುಹೋದ ಡ್ರಿಜಲ್, ಶವರ್ ಆಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ಐವತ್ತರ ಸಾಲು ಡ್ರಿಜಲ್‌ಗೆ, ಅರವತ್ತರ ಸಾಲು ರೇನ್‌ಗೆ, ಎಂಬತ್ತರ ಸಾಲು ಶವರ್‌ಗೆ. ಮುಂಗಾರಿನ ದಿನಗಳಲ್ಲಿ 61 ಬರೆಯಬೇಕೋ 80 ಬರೆಯಬೇಕೋ ಎಂದು ನಿರ್ಧರಿಸಲು ಮಳೆಮಾಪಕದ ಪಕ್ಕ ಕೊಡೆ ಹಿಡಿದು ನಿಂತು ಮೋಡವನ್ನೇ ನೋಡುತ್ತಿದ್ದೆವು. ಮಾಪಕದೊಳಗಿನ ನೀರು ಆ ಉತ್ತರ ಕೊಡುವುದಿಲ್ಲ.

ನೀನು ಕಾಫಿ ನಾಡಿನವಳಾದ್ದರಿಂದ ಇನ್ನೊಂದು ಮಾತು. ನಿಮ್ಮ ತೋಟಗಳಲ್ಲಿ ಬ್ಲಾಸಮ್ ಶವರ್, ಬ್ಯಾಕಿಂಗ್ ಶವರ್ ಎನ್ನುತ್ತಾರಲ್ಲ, ಅಲ್ಲಿ ಶವರ್ ಪದ ಎಷ್ಟು ಖಚಿತವಾಗಿ ಕೂತಿದೆ ನೋಡು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಸಂಜೆ ಹೊತ್ತು ಮೋಡ ಎದ್ದು ಹೊಯ್ದು ಹೋಗುವ ಮಳೆ ಹೂಮಳೆ. ಅದಾಗಿ ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ. ಮೂರು ವಾರದ ಆಸುಪಾಸಿನಲ್ಲಿ ಬ್ಯಾಕಿಂಗ್ ಬಂದರೆ ಕಾಯಿ ಕಚ್ಚುತ್ತದೆ. ಹೂ ಅರಳಿದ ದಿನವೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ. ನಿನ್ನ ಅಜ್ಜ ಮಳೆಯನ್ನು ಸೆಂಟಿನಲ್ಲಿ ಹೇಳುತ್ತಿರಬೇಕು. ನೂರು ಸೆಂಟ್ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅವರು 40 ಸೆಂಟ್ ಎಂದರೆ ಆ್ಯಪಿನಲ್ಲಿ 10 ಮಿಲಿಮೀಟರ್ ಎಂದು ತೋರಿಸಬೇಕು.

ಉತ್ತರ ಒಳನಾಡಿನ ಕೆಲವು ಕಡೆ ಮಳಿ ಅಂತ ರೇಡಿಯೊದಾಗ ಹೇಳಿದ್ರು, ನಮ್ಮ ಹೊಲಕ್ಕ ಒಂದು ಹನಿ ಬೀಳಲಿಲ್ರಿ. ಮೊಬೈಲ್‌ನ್ಯಾಗ ಐಸೊಲೇಟೆಡ್, ಸ್ಕ್ಯಾಟರ್ಡ್ ಅಂತ ಬರತೈತಿ. ಇವು ಮಳಿ ಎಷ್ಟು ಜೋರು ಅನ್ನೂ ಮಾತೋ, ಮತ್ತೇನೋ?
(ರೈತರು, ರಾಣೆಬೆನ್ನೂರು)

ಜೋರಿಗೂ ಈ ಪದಗಳಿಗೂ ಸಂಬಂಧವಿಲ್ಲ ಅಣ್ಣಾವ್ರೆ. ಎಷ್ಟು ಜಾಗಕ್ಕೆ ಮಳೆ ಎಂಬುದನ್ನಷ್ಟೇ ಇವು ಹೇಳುತ್ತವೆ. ಒಂದು ವಿಭಾಗದಲ್ಲಿ ನೂರು ಮಳೆಮಾಪಕ ಇವೆ ಎಂದುಕೊಳ್ಳಿ. ಅವುಗಳಲ್ಲಿ 25ರವರೆಗೆ ಮಳೆ ದಾಖಲಾದರೆ ಐಸೊಲೇಟೆಡ್, ರೇಡಿಯೊ ಭಾಷೆಯಲ್ಲಿ 'ಒಂದೆರಡು ಕಡೆ'. 26ರಿಂದ 50 ಆದರೆ ಸ್ಕ್ಯಾಟರ್ಡ್, ಅಂದರೆ 'ಕೆಲವು ಕಡೆ'. 51ರಿಂದ 75 ಆದರೆ ಫೇರ್ಲಿ ವೈಡ್‌ಸ್ಪ್ರೆಡ್, 'ಹಲವು ಕಡೆ'. ಅದಕ್ಕೂ ಹೆಚ್ಚಾದರೆ ವೈಡ್‌ಸ್ಪ್ರೆಡ್, 'ಬಹುತೇಕ ಕಡೆ'.

ಈಗ ನಿಮ್ಮ ರೇಡಿಯೊ ಮಾತನ್ನು ಇದಕ್ಕೆ ಹಚ್ಚಿ ನೋಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೂರೇ ವಿಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಬೀದರಿನಿಂದ ಹಾವೇರಿವರೆಗೆ ಎಲ್ಲವೂ ಉತ್ತರ ಒಳನಾಡೇ. ಅಷ್ಟು ದೊಡ್ಡ ಸೀಮೆಯಲ್ಲಿ 'ಕೆಲವು ಕಡೆ' ಎಂದರೆ ಹೆಚ್ಚೆಂದರೆ ಅರ್ಧದಷ್ಟು ಜಾಗಕ್ಕೆ ಮಳೆ, ಉಳಿದರ್ಧ ಒಣ. ನಿಮ್ಮ ಹೊಲ ಆ ಉಳಿದರ್ಧದಲ್ಲಿತ್ತು. ಬಿತ್ತನೆಗೆ, ಔಷಧಿ ಹೊಡೆಯಲಿಕ್ಕೆ ವಿಭಾಗದ ಮುನ್ಸೂಚನೆ ಒಂದನ್ನೇ ನಂಬಬೇಡಿ. ಜಿಲ್ಲೆಯ ಮುನ್ಸೂಚನೆ ನೋಡಿ, ಅದರ ಮೇಲೆ ನೌಕಾಸ್ಟ್ ನೋಡಿ. ಫೋರ್‌ಕಾಸ್ಟ್ ನಾಳೆ, ನಾಡಿದ್ದಿನ ಮಾತಾದರೆ ನೌಕಾಸ್ಟ್ ಮುಂದಿನ ಮೂರು ತಾಸಿನ ಮಾತು, ರಡಾರ್ ಮತ್ತು ಉಪಗ್ರಹದ ಚಿತ್ರ ನೋಡಿ ಹೇಳುವಂಥದ್ದು. ಇಷ್ಟು ವಿವರವನ್ನು ಸುದ್ದಿ ಓದುವವರೇ ದಿನಾ ಒಂದು ಸಾಲಿನಲ್ಲಿ ಹೇಳಬೇಕು. ಬೀಜ, ಗೊಬ್ಬರದ ಹಣ ಈ ಪದಗಳ ಮೇಲೆ ನಿಂತಿದೆ.

ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಅಂದರೆ ಮಳೆಯ ಪ್ರಮಾಣವೇ? ರೆಡ್ ಕೊಟ್ಟ ದಿನ ನಮ್ಮಲ್ಲಿ ಬಿಸಿಲಿತ್ತು, ಯೆಲ್ಲೋ ದಿನ ತೋಡು ತುಂಬಿ ಹರಿಯಿತು.
(ಗೃಹಿಣಿ, ಬ್ರಹ್ಮಾವರ)

ಬಣ್ಣ ಹೇಳುವುದು ನಾವೇನು ಮಾಡಬೇಕು ಎಂಬುದನ್ನು. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನವಿಟ್ಟಿರಿ, ಹೊಸ ಸೂಚನೆ ಕೇಳುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಇಲಾಖೆಯ ಭಾಷೆಯಲ್ಲಿ ಹಳದಿ 'ವಾಚ್', ಕಿತ್ತಳೆ 'ಅಲರ್ಟ್', ಕೆಂಪು 'ವಾರ್ನಿಂಗ್'. ಟಿವಿಯಲ್ಲಿ ಎಲ್ಲದರ ಹಿಂದೆಯೂ ಅಲರ್ಟ್ ಅಂಟಿಸಿದ್ದರಿಂದ ಈ ಮೂರು ಮೆಟ್ಟಿಲು ಕಾಣದಾಗಿವೆ.

ಪ್ರಮಾಣಕ್ಕೆ ಬೇರೆ ಪದಗಳಿವೆ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿದಾಗ ಹಿಂದಿನ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದ್ದರೆ 'ಹೆವಿ', 115.6ರಿಂದ 'ವೆರಿ ಹೆವಿ', 204.5ರಿಂದ 'ಎಕ್ಸ್‌ಟ್ರೀಮ್ಲಿ ಹೆವಿ'. ಪತ್ರಿಕೆಗಳು ಭಾರಿ, ಅತಿ ಭಾರಿ, ಅತ್ಯಂತ ಭಾರಿ ಎಂದು ಬರೆಯುವುದು ಇವನ್ನೇ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಿಮ್ಮ ಅಂಗಳದ ಅಳತೆಯನ್ನು 204ರಿಂದ ಗುಣಿಸಿ ನೋಡಿದರೆ 'ಎಕ್ಸ್‌ಟ್ರೀಮ್ಲಿ' ಏನೆಂದು ಅರ್ಥವಾಗುತ್ತದೆ. ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಕೆಂಪು ಕೊಟ್ಟ ದಿನ ನಿಮ್ಮಲ್ಲಿ ಬಿಸಿಲಿದ್ದರೂ ಘಟ್ಟದ ಬುಡದಲ್ಲಿ ಸುರಿದಿದ್ದರೆ ಆ ನೀರು ಹೊಳೆಯಲ್ಲಿ ನಿಮ್ಮಲ್ಲಿಗೇ ಇಳಿಯುತ್ತದೆ. ಬಿಸಿಲು ಕಂಡಿತೆಂದು ಮಕ್ಕಳನ್ನು ಹೊಳೆ ಬದಿಗೆ ಬಿಡಬೇಡಿ.

ಮಕ್ಕಳಿಗೆ ಫಾಗ್, ಮಿಸ್ಟ್, ಹೇಜ್, ಡ್ಯೂ, ಫ್ರಾಸ್ಟ್, ಸ್ನೋ ಎಲ್ಲಕ್ಕೂ 'ಮಂಜು' ಎಂದೇ ಹೇಳಿಕೊಡುತ್ತಿದ್ದೇವೆ. ಬೇರ್ಪಡಿಸುವುದು ಹೇಗೆ?
(ಶಿಕ್ಷಕಿ, ಮಡಿಕೇರಿ)

ಮಂಜಿನ ನಗರಿಯಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ. ಫಾಗ್, ಮಿಸ್ಟ್ ಎರಡೂ ಗಾಳಿಯಲ್ಲಿ ತೇಲುವ ನೀರಿನ ಕಣಗಳು. ವ್ಯತ್ಯಾಸ ಎಷ್ಟು ದೂರ ಕಾಣುತ್ತದೆ ಎಂಬುದರಲ್ಲಿ. ಒಂದು ಕಿಲೋಮೀಟರ್ ದೂರದ ವಸ್ತು ಕಾಣದಿದ್ದರೆ ಫಾಗ್, ಕಂಡೂ ಮಸುಕಾಗಿದ್ದರೆ ಮಿಸ್ಟ್. ವೀಕ್ಷಣಾಲಯದಲ್ಲಿ ನಮಗೆ ಇದಕ್ಕೆ ಯಂತ್ರವೇನೂ ಇರುತ್ತಿರಲಿಲ್ಲ. ಇಂಥ ನೀರಿನ ಟ್ಯಾಂಕ್ ಇಷ್ಟು ಮೀಟರ್, ಇಂಥ ಗುಡ್ಡ ಇಷ್ಟು ಕಿಲೋಮೀಟರ್ ಎಂದು ಗುರುತುಗಳ ಪಟ್ಟಿ ಇರುತ್ತಿತ್ತು. ಯಾವ ಗುರುತಿನವರೆಗೆ ಕಾಣುತ್ತದೆ ಎಂದು ನೋಡಿ ಬರೆಯುವುದು. ನಿಮ್ಮ ಮಕ್ಕಳಿಗೂ ಶಾಲೆಯ ಅಂಗಳದಿಂದ ಇದೇ ಮಾಡಿಸಿ: ಗೇಟು, ಎದುರಿನ ಮರ, ತಿರುವಿನ ಅಂಗಡಿ, ಆಚೆ ಬೆಟ್ಟ. ಒಂದು ವಾರ ಬರೆದರೆ ಎರಡು ಪದಗಳೂ ಅವರವೇ ಆಗುತ್ತವೆ. 50 ಮೀಟರ್ ಆಚೆ ಕಾಣದಿದ್ದರೆ 'ವೆರಿ ಡೆನ್ಸ್ ಫಾಗ್', 200 ಮೀಟರಿನವರೆಗೆ 'ಡೆನ್ಸ್'. ಚಳಿಗಾಲದಲ್ಲಿ ದೇವನಹಳ್ಳಿಯ ವಿಮಾನಗಳು ತಡವಾದಾಗ ಓದುವ ಪದ ಇದೇ. ಮಳೆಗಾಲದಲ್ಲಿ ರಾಜಾಸೀಟಿನಲ್ಲಿ ನಿಮ್ಮನ್ನು ಮುಸುಕುವುದು ಬೆಟ್ಟಕ್ಕೆ ತಾಗಿದ ಮೋಡ. ಕಣಿವೆಯಲ್ಲಿ ನಿಂತವರಿಗೆ ಅದು ಕ್ಲೌಡ್, ಒಳಗೆ ನಿಂತ ನಿಮಗೆ ಫಾಗ್.

ಹೇಜ್ ಒಣ ಪದಾರ್ಥ. ಧೂಳು, ಹೊಗೆಯ ಕಣಗಳಿಂದ ದೂರದ್ದು ಮಂಕಾಗುವುದು. ಹೊಗೆಯೂ ಫಾಗೂ ಬೆರೆತರೆ ಸ್ಮಾಗ್, ಸ್ಮೋಕ್ ಮತ್ತು ಫಾಗ್ ಕೂಡಿಸಿ ಇಂಗ್ಲಿಷಿನವರು ಕಟ್ಟಿಕೊಂಡ ಪದ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಐದು ದಿನ ಕವಿದ ಸ್ಮಾಗ್ ಸಾವಿರಾರು ಜನರ ಉಸಿರು ನಿಲ್ಲಿಸಿತು. ಅದನ್ನು 'ಮಂಜು' ಎಂದು ಅನುವಾದಿಸಿದರೆ ಅದರೊಳಗಿನ ಕಲ್ಲಿದ್ದಲ ಹೊಗೆ ಮರೆಯಾಗುತ್ತದೆ. ಇವತ್ತು ದೆಹಲಿಯ ಸುದ್ದಿ ಬರೆಯುವಾಗಲೂ ಹೀಗೇ ಆಗುತ್ತಿದೆ, ನನಗೆ ಅದು ಸರಿಕಾಣುವುದಿಲ್ಲ.

ಡ್ಯೂ ನಮ್ಮ ಇಬ್ಬನಿ. ಅದು ಮೇಲಿನಿಂದ ಬೀಳುವುದಿಲ್ಲ. ರಾತ್ರಿ ತಣಿದ ಹುಲ್ಲಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಆ ಮೇಲ್ಮೈ ಸೊನ್ನೆ ಡಿಗ್ರಿಗಿಂತ ತಣ್ಣಗಾಗಿ ತೇವ ಬಿಳಿ ಪುಡಿಯಾಗಿ ಕೂತರೆ ಫ್ರಾಸ್ಟ್. ಜನವರಿಯ ನಸುಕಿನಲ್ಲಿ ಊಟಿಯ ಹುಲ್ಲುಗಾವಲಿನಲ್ಲಿ ನೋಡಬಹುದು. ಸ್ನೋ ಮಾತ್ರ ಮೋಡದಿಂದ ಇಳಿಯುವ ಹಿಮ. ಇಬ್ಬನಿ, ಹಿಮ ಎಂಬ ಪದಗಳು ನಮ್ಮಲ್ಲೇ ಇರುವಾಗ ಮಂಜನ್ನು ಫಾಗ್ ಮತ್ತು ಮಿಸ್ಟ್‌ಗೆ ಬಿಟ್ಟುಕೊಡಿ.

ಮಗನ ಮನೆಗೆ ಚಿಕಾಗೋಕ್ಕೆ ಬಂದಿದ್ದೇನೆ. ಇಲ್ಲಿ ಸ್ಲೀಟ್, ಫ್ರೀಜಿಂಗ್ ರೇನ್ ಅಂತ ಹೇಳಿ ನನ್ನನ್ನು ಹೊರಗೇ ಬಿಡುವುದಿಲ್ಲ. ಅಂಥದ್ದೇನು?
(ಮೈಸೂರಿನ ಓದುಗರು)

ಮಗ ಹೇಳಿದ್ದು ಕೇಳಿ ಅಮ್ಮ. ಅಮೆರಿಕದಲ್ಲಿ ಸ್ಲೀಟ್ ಎಂದರೆ ಬೀಳುವ ದಾರಿಯಲ್ಲೇ ಗಟ್ಟಿಯಾದ ಸಣ್ಣ ಮಂಜುಗಡ್ಡೆಯ ಹರಳು, ನೆಲಕ್ಕೆ ಬಿದ್ದರೆ ಪುಟಿಯುತ್ತದೆ. ಬ್ರಿಟನ್ನಿನಲ್ಲಿ ಅದೇ ಪದಕ್ಕೆ ಮಳೆ, ಹಿಮ ಬೆರೆತದ್ದು ಎಂದು ಅರ್ಥ. ಫ್ರೀಜಿಂಗ್ ರೇನ್ ಇವೆರಡಕ್ಕಿಂತ ಅಪಾಯ. ನೀರಾಗಿಯೇ ಬೀಳುತ್ತದೆ, ತಣ್ಣನೆ ನೆಲ, ಮೆಟ್ಟಿಲು, ಕಾರು ತಾಗಿದ ಕೂಡಲೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಆ ಪದರಕ್ಕೆ ಬ್ಲ್ಯಾಕ್ ಐಸ್ ಎನ್ನುತ್ತಾರೆ. ನಮ್ಮ ಆಲಿಕಲ್ಲು ಇದ್ಯಾವುದೂ ಅಲ್ಲ. ಅದು ಹೇಲ್, ಬೇಸಿಗೆಯ ಗುಡುಗು ಮೋಡದೊಳಗೆ ಪದರ ಪದರವಾಗಿ ಬೆಳೆದ ಕಲ್ಲು.

ಲೈಟ್ನಿಂಗ್ ಎಂದರೆ ಮಿಂಚೋ ಸಿಡಿಲೋ?
(ಪತ್ರಿಕೋದ್ಯಮ ವಿದ್ಯಾರ್ಥಿ, ವಿಜಯಪುರ)

ಎರಡೂ. ಕನ್ನಡದಲ್ಲಿ ಕಂಡದ್ದು ಮಿಂಚು, ಕೇಳಿದ್ದು ಗುಡುಗು, ಬಡಿದದ್ದು ಸಿಡಿಲು. ಇಂಗ್ಲಿಷಿನಲ್ಲಿ ಕಂಡದ್ದಕ್ಕೂ ಬಡಿದದ್ದಕ್ಕೂ ಲೈಟ್ನಿಂಗ್ ಒಂದೇ, ಗುಡುಗಿಗೆ ಥಂಡರ್. ಆದ್ದರಿಂದ ಸುದ್ದಿ ಅನುವಾದಿಸುವಾಗ ಸಂದರ್ಭ ನೋಡಿ. 'ಮಿಂಚು ಬಡಿದು ಕುರಿಗಾಹಿ ಸಾವು' ಎಂಬ ಶೀರ್ಷಿಕೆ ನಾನು ಓದಿದ್ದೇನೆ, ಅದು ಸಿಡಿಲು ಬಡಿದು ಎಂದಾಗಬೇಕು. ಮುನ್ಸೂಚನೆಯಲ್ಲಿ 'ಥಂಡರ್‌ಸ್ಟಾರ್ಮ್ ವಿತ್ ಲೈಟ್ನಿಂಗ್' ಎಂದಿದ್ದರೆ ಗುಡುಗು ಸಿಡಿಲಿನ ಮಳೆ ಎಂದೇ ಬರೆಯಿರಿ. 'ಮಿಂಚು' ಎಂದು ಓದಿದ ರೈತ ಹೊಲದಲ್ಲೇ ಉಳಿಯುತ್ತಾನೆ, 'ಸಿಡಿಲು' ಎಂದು ಓದಿದವನು ಎದ್ದು ಬರುತ್ತಾನೆ.

ಇದರ ಜೊತೆಗೇ ಬರೆಯಬಹುದಾದ ಲೆಕ್ಕವೊಂದಿದೆ. ಮಿಂಚು ಕಂಡು ಗುಡುಗು ಕೇಳುವ ನಡುವೆ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಕುರಿ, ದನ ಮೇಯಿಸುವವರ ಮೊಬೈಲಿನಲ್ಲಿ ಅದು ಇರಲೇಬೇಕು.

ಡಿಪ್ರೆಶನ್ ಎಂದರೆ ಮನಸ್ಸಿನ ಖಿನ್ನತೆ ತಾನೇ? ಸಮುದ್ರಕ್ಕೆ ಯಾಕೆ ಬಂತು? ಅದು ಸೈಕ್ಲೋನ್ ಆಗುವುದು ಯಾವಾಗ?
(ಆಟೊ ಚಾಲಕರು, ಬೆಂಗಳೂರು)

ಮೂಲ ಅರ್ಥ ಕುಗ್ಗುವುದು, ತಗ್ಗುವುದು. ಮನಸ್ಸು ಕುಗ್ಗಿದರೂ ಡಿಪ್ರೆಶನ್, ಗಾಳಿಯ ಒತ್ತಡ ಕುಗ್ಗಿದರೂ ಡಿಪ್ರೆಶನ್. ಕನ್ನಡ ಪತ್ರಿಕೆಗಳ 'ವಾಯುಭಾರ ಕುಸಿತ' ಬಹಳ ಒಳ್ಳೆಯ ಪದ. ಒತ್ತಡ ಕುಸಿದ ಜಾಗದ ಸುತ್ತ ಗಾಳಿ ಸುತ್ತತೊಡಗುತ್ತದೆ. ಅದರ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಡಿಪ್ರೆಶನ್, 61ರವರೆಗೆ ಡೀಪ್ ಡಿಪ್ರೆಶನ್. 62 ಮುಟ್ಟಿದರೆ ಸೈಕ್ಲೋನಿಕ್ ಸ್ಟಾರ್ಮ್, ಹೆಸರಿಡುವುದು ಆಗಲೇ. 222 ದಾಟಿದರೆ ಸೂಪರ್ ಸೈಕ್ಲೋನ್. ಹೆಸರುಗಳನ್ನು ಕೊಡುವುದು ನಮ್ಮ ಸುತ್ತಿನ 13 ದೇಶಗಳು. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕೊರೆದ 'ತೌಕ್ತೆ' ಮ್ಯಾನ್ಮಾರ್ ಕೊಟ್ಟ ಹೆಸರು, ಲೊಚಗುಟ್ಟುವ ಒಂದು ಹಲ್ಲಿಯದು. ಸೈಕ್ಲೋನ್ ಎಂಬ ಪದ ಹುಟ್ಟಿದ್ದೂ ನಮ್ಮ ದೇಶದಲ್ಲೇ. 1840ರ ದಶಕದಲ್ಲಿ ಕೋಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್, ಹಾವು ಸುರುಳಿ ಸುತ್ತಿದಂತೆ ಎಂಬ ಅರ್ಥದ ಗ್ರೀಕ್ ಪದದಿಂದ ಅದನ್ನು ಮಾಡಿದರು. ಇದೇ ಬಿರುಗಾಳಿ ಅಟ್ಲಾಂಟಿಕ್ಕಿನಲ್ಲಿ ಬಲಿತರೆ ಹರಿಕೇನ್, ಚೀನಾ, ಜಪಾನ್ ಕಡೆ ಟೈಫೂನ್.

ಚೆನ್ನೈ ಕಡೆ ಕುಸಿತ ಉಂಟಾದಾಗ ನಿಮ್ಮೂರಲ್ಲಿ ಎರಡು ದಿನ ಮೋಡ ಮುಚ್ಚಿ ಜಿಟಿಜಿಟಿ ಹಿಡಿಯುತ್ತದಲ್ಲ, ಅದನ್ನು 'ಸೈಕ್ಲೋನ್ ಬಂದಿದೆ' ಎನ್ನದಿರಿ. ಅದು ಕುಸಿತದ ಅಂಚು, ಅಷ್ಟೆ.

'ರೇನ್ ಈಸ್ ಕಮಿಂಗ್' ಎಂದರೆ ಆಫೀಸಿನಲ್ಲಿ ತಿದ್ದುತ್ತಾರೆ. ಏನು ತಪ್ಪು?
(ಹುಬ್ಬಳ್ಳಿ)

ಕನ್ನಡದಲ್ಲಿ ಮಳೆ ಬರುತ್ತದೆ, ಇಂಗ್ಲಿಷಿನಲ್ಲಿ 'ಇಟ್ ಈಸ್ ರೇನಿಂಗ್'. 'ರೇನ್ ಈಸ್ ಕಮಿಂಗ್' ಎಂದರೆ ಇನ್ನೂ ಬಂದಿಲ್ಲ, ಮೋಡ ಕಟ್ಟಿದೆ ಎಂದಾಗುತ್ತದೆ. ಹೀಗೇ ನಮ್ಮ 'ಗಾಳಿ' ಅಲ್ಲಿ ಒಡೆದುಹೋಗುತ್ತದೆ. ಉಸಿರಾಡುವುದು, ಟಯರಿಗೆ ತುಂಬುವುದು ಏರ್, ಬೀಸುವುದು ವಿಂಡ್, ಹಿತವಾಗಿ ಬೀಸಿದರೆ ಬ್ರೀಜ್. ಕಿಟಕಿ ತೆರೆದು 'ಏರ್ ಈಸ್ ಕಮಿಂಗ್' ಎನ್ನುವ ಬದಲು 'ದೇರ್ ಈಸ್ ಎ ನೈಸ್ ಬ್ರೀಜ್' ಎನ್ನಿ. ಇವತ್ತಿನ ಆಕಾಶಕ್ಕೆ 'ಕ್ಲೈಮೇಟ್ ಚೆನ್ನಾಗಿದೆ' ಎನ್ನಬೇಡಿ, ಅದು ವೆದರ್. ಕ್ಲೈಮೇಟ್ ಎನ್ನಲು ಕನಿಷ್ಠ 30 ವರ್ಷದ ಸರಾಸರಿ ಬೇಕು.

'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಪರೀಕ್ಷೆಗೆ ಕಲಿಯಲೇಬೇಕೇ?
(ಹತ್ತನೇ ತರಗತಿ, ತುಮಕೂರು)

ಪರೀಕ್ಷೆಗೆ ಕಲಿ. ಮಾತಿಗೆ 'ಇಟ್ಸ್ ಪೋರಿಂಗ್' ಕಲಿ, ಇಂಗ್ಲಿಷರು ದಿನಬಳಕೆಯಲ್ಲಿ ಹೆಚ್ಚಾಗಿ ಹೇಳುವುದು ಅದನ್ನೇ.

ನಮ್ಮಲ್ಲಿ 42 ಡಿಗ್ರಿ. ಮಂಗಳೂರಿನ ಮಗಳ ಮನೆಯಲ್ಲಿ 34. ಆದರೂ ಅವಳೇ ಹೆಚ್ಚು ಒದ್ದಾಡ್ತಾಳೆ. 'ಹ್ಯೂಮಿಡ್' ಅಂತಾಳೆ. ಡಿಗ್ರಿ ಕಡಿಮೆ ಇದ್ದೂ ಹೀಗೇಕೆ?
(ಕಲಬುರಗಿ)

ವೀಕ್ಷಣಾಲಯದ ಅಂಗಳದಲ್ಲಿ ಬಿಳಿ ಬಣ್ಣದ, ಜಾಲರಿ ಹಲಗೆಯ ಪೆಟ್ಟಿಗೆಯೊಂದು ಕಾಲುಗಳ ಮೇಲೆ ನಿಂತಿರುತ್ತದೆ. ಒಳಗೆ ಎರಡು ಥರ್ಮಾಮೀಟರ್ ಜೊತೆಯಾಗಿರುತ್ತವೆ. ಒಂದು ಹಾಗೇ ಇರುತ್ತದೆ, ಇನ್ನೊಂದರ ಬುಡಕ್ಕೆ ಒದ್ದೆ ಮಸ್ಲಿನ್ ಬಟ್ಟೆ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಆ ಥರ್ಮಾಮೀಟರ್ ತಣ್ಣಗಾಗುತ್ತದೆ. ಗದಗದ ಏಪ್ರಿಲ್ಲಿನಲ್ಲಿ ಎರಡರ ನಡುವೆ ದೊಡ್ಡ ಅಂತರ ಕಾಣುತ್ತಿತ್ತು. ಹೊನ್ನಾವರದಲ್ಲಿ ಎರಡೂ ಹೆಚ್ಚುಕಡಿಮೆ ಹತ್ತಿರವೇ ನಿಲ್ಲುತ್ತಿದ್ದವು, ಗಾಳಿಯಲ್ಲಿ ಆಗಲೇ ಅಷ್ಟು ತೇವವಿರುವಾಗ ಬಟ್ಟೆ ಆರುವುದೆಲ್ಲಿಂದ? ನಿಮ್ಮ ಮಗಳ ಬೆವರಿಗೂ ಅದೇ ಆಗುತ್ತಿದೆ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಈ ತೇವವೇ ಹ್ಯೂಮಿಡಿಟಿ. ಅದರಿಂದ ಹುಟ್ಟುವ ಸೆಕೆಗೆ ಸಲ್ಟ್ರಿ, ಮಗ್ಗಿ ಎಂಬ ಪದಗಳಿವೆ. ನಿಮ್ಮದು 'ಹಾಟ್ ಆ್ಯಂಡ್ ಡ್ರೈ', ಅಂದರೆ ಝಳ. ನಿಮಗೆ ಬೆವರು ಆರುತ್ತಿರುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ, ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಿ.

ಹೀಟ್ ವೇವ್ ಎಂಬ ಪದವೂ ನಿಮ್ಮ ಕಿವಿಗೆ ಬಿದ್ದಿರಬೇಕು. ಬಯಲಿನಲ್ಲಿ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಿ, ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹೀಟ್ ವೇವ್ ಎಂದು ಸಾರುತ್ತಾರೆ. ಹೀಗಾಗಿ ಕರಾವಳಿಯಲ್ಲಿ 38ಕ್ಕೆ ಅದು ಬರಬಹುದು, ನಿಮ್ಮಲ್ಲಿ ಮೇ ತಿಂಗಳ 42ಕ್ಕೆ ಬಾರದಿರಬಹುದು. ಪತ್ರಿಕೆಗಳು ಇದಕ್ಕೆ 'ಬಿಸಿಗಾಳಿ' ಎಂದು ಬರೆಯುವುದುಂಟು. ಗಾಳಿಯೇ ಬೀಸದ ದಿನವೂ ಹೀಟ್ ವೇವ್ ಇರುತ್ತದೆ, ಆದ್ದರಿಂದ 'ಶಾಖದ ಅಲೆ' ಹೆಚ್ಚು ಸರಿ. ಬಿಸಿಗಾಳಿ ಎಂದು ಓದಿ ಕಿಟಕಿ ಬಾಗಿಲು ಹಾಕಿ ಕೂರುವುದು ನಿಮ್ಮ ಕಲಬುರಗಿಯ ನಡುಹಗಲಿಗೆ ಸರಿಹೋಗುತ್ತದೆ. ಮಂಗಳೂರಿನಲ್ಲಿ ಮಗಳು ಹಾಗೆ ಮಾಡಿದರೆ ತೇವ ಒಳಗೇ ಉಳಿಯುತ್ತದೆ. ಮಧ್ಯಾಹ್ನ ಕಡಲಿನ ಕಡೆಯಿಂದ ಗಾಳಿ ಶುರುವಾಗುತ್ತದೆ, ಆಗ ಪಶ್ಚಿಮದ ಕಿಟಕಿ ತೆರೆಯಲು ಹೇಳಿ.